ಲಕ್ಸುರಿ ಕ್ರೂಸ್: ಈಗಲೇ ಬುಕ್ ಮಾಡಬೇಕಾ, ಡಿಸ್ಕೌಂಟ್‌ಗೆ ಕಾಯಬೇಕಾ?

ಪ್ರಶ್ನೆ: ಮುಂದಿನ ವರ್ಷ ಸೆಪ್ಟೆಂಬರ್‌ಗೆ ನನಗೆ 60 ತುಂಬುತ್ತದೆ. ಷಷ್ಟ್ಯಬ್ದಿ ಶಾಂತಿ ಮನೆಯಲ್ಲೇ ಮುಗಿಸಿಕೊಂಡು, ಸೆಪ್ಟೆಂಬರ್ 15ಕ್ಕೆ ಅಥೆನ್ಸ್‌ನಿಂದ ಹೊರಟು ರೋಮ್ ತಲುಪುವ 10 ರಾತ್ರಿಯ ಕ್ರೂಸ್‌ಗೆ ನಾವಿಬ್ಬರು ಹೋಗೋಣ ಅಂತಿದ್ದೇವೆ. ಜಾತ್ರೆಯಂಥ ದೊಡ್ಡ ಹಡಗು ಬೇಡ. 700 ಜನ ಹಿಡಿಯುವ ಲಕ್ಸುರಿ ಹಡಗು ನೋಡಿದ್ದೇವೆ. ತಲೆಗೆ 6,000 ಡಾಲರ್ ಹೇಳುತ್ತಿದ್ದಾರೆ. ಮಗ "ಸುಮ್ನಿರಪ್ಪಾ, ಕೊನೇ ತಿಂಗಳು ಅರ್ಧ ರೇಟಿಗೆ ಸಿಗುತ್ತೆ" ಅನ್ನುತ್ತಾನೆ. ಅಮೆರಿಕದಲ್ಲಿರುವ ನನ್ನ ಭಾಮೈದನಿಗೆ ಹಾಗೆ ಸಿಕ್ಕಿತ್ತಂತೆ. ಮನೆಯವಳಿಗೆ ಮಂಡಿನೋವು ಇದೆ, ನಾವು ಸಸ್ಯಾಹಾರಿಗಳು. ಏನು ಮಾಡಲಿ?
(ಮೈಸೂರಿನ ಓದುಗರು)

ಉತ್ತರ: ಸರ್, ಈಗಲೇ ಬುಕ್ ಮಾಡಿ. ನಿಮ್ಮ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಮಗ ಹೇಳಿದ್ದು ಸುಳ್ಳು ಅಂತಲ್ಲ. ಕೊನೇ ಗಳಿಗೆಯಲ್ಲಿ ರೇಟು ಇಳಿಯುವುದುಂಟು, ನಿಮ್ಮ ಭಾಮೈದನಿಗೆ ಸಿಕ್ಕಿದ್ದೂ ನಿಜವೇ ಇರಬೇಕು. ಆದರೆ ಆ ಡಿಸ್ಕೌಂಟ್ ಯಾರಿಗೆ ಒದಗುತ್ತದೆ ಅಂತ ನೋಡಿ. ಫ್ಲೋರಿಡಾದಲ್ಲಿ ಮನೆ ಇದೆ, ಅಮೆರಿಕದ ಪಾಸ್‌ಪೋರ್ಟ್ ಇದೆ, ಕೆಲಸದಿಂದ ನಿವೃತ್ತಿಯಾಗಿದೆ. ಮಯಾಮಿ ಬಂದರಿಗೆ ತಮ್ಮ ಕಾರಲ್ಲೇ ಹೋಗಬಹುದು. ಅಂಥವರು ಈ ವಾರ ಆಫರ್ ನೋಡಿ ಮುಂದಿನ ವಾರ ಹಡಗು ಹತ್ತುತ್ತಾರೆ. ರೂಮು ಖಾಲಿ ಹೋಗುವ ಬದಲು ಕಡಿಮೆ ದುಡ್ಡಿಗಾದರೂ ತುಂಬಲಿ ಅಂತ ಕಂಪನಿ ರೇಟು ಇಳಿಸುವುದು ಇವರನ್ನು ನಂಬಿಕೊಂಡೇ. ನಾವು ಮೈಸೂರಿನಿಂದ ಹೊರಡುವವರು. ನಮಗೆ ಮೊದಲು ವೀಸಾ, ಆಮೇಲೆ ವಿಮಾನ, ಆಮೇಲೆ ಹಡಗು.

ವೀಸಾದ ಲೆಕ್ಕ ನಿಮ್ಮ ತಾರೀಖಿಗೇ ಹಾಕಿ ತೋರಿಸುತ್ತೇನೆ. ಷೆಂಗೆನ್ ವೀಸಾಗೆ (ಗ್ರೀಸ್, ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಅಂದರೆ ಮಾರ್ಚ್ 15ರಿಂದ. ಕೊನೇ ಗಡುವು 15 ದಿನ ಮೊದಲು. ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಬರುತ್ತದೆ, ಕೆಲವು ಸಲ 45 ದಿನದವರೆಗೂ ಎಳೆಯಬಹುದು ಅಂತ ನಿಯಮವೇ ಹೇಳುತ್ತದೆ. ಇದಕ್ಕೂ ಮೊದಲು ಬೆರಳಚ್ಚು ಕೊಡೋಕೆ ಅಪಾಯಿಂಟ್‌ಮೆಂಟ್ ಸಿಗಬೇಕು. ಬೇಸಿಗೆ ರಜೆಯ ಹೊತ್ತಿಗೆ ಬೆಂಗಳೂರಿನಲ್ಲಿ ಆ ಸ್ಲಾಟ್‌ಗಳಿಗೆ ಎಷ್ಟು ಪರದಾಟ ಅಂತ ಹೋಗಿ ಬಂದವರನ್ನೇ ಕೇಳಿ. ಆಗಸ್ಟ್‌ನಲ್ಲಿ ಅರ್ಧ ರೇಟಿನ ಟಿಕೆಟ್ ಕಣ್ಣೆದುರಿಗೆ ಬಂದರೂ ನೀವು ಅದನ್ನು ಮುಟ್ಟುವ ಹಾಗಿರುವುದಿಲ್ಲ.

ಬೇಗ ಬುಕ್ ಮಾಡುವುದರ ನಿಜವಾದ ಲಾಭ ಬೇರೆಯೇ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಲಕ್ಸುರಿ ಹಡಗುಗಳಲ್ಲಿ ಮೊದಲು ಸ್ವಲ್ಪ ಡೆಪಾಸಿಟ್ ಕಟ್ಟಬೇಕು. ಬಾಕಿ ಪೂರ್ತಿ ಹಣ ಹೊರಡುವುದಕ್ಕೆ 120 ದಿನ ಮೊದಲು, ಕೆಲವರಲ್ಲಿ 150 ದಿನ ಮೊದಲು. ನಿಮ್ಮ ಲೆಕ್ಕದಲ್ಲಿ ಮೇ 18 ಅಥವಾ ಏಪ್ರಿಲ್ 18. ಮಾರ್ಚ್ ಮಧ್ಯದಲ್ಲೇ ವೀಸಾ ಅರ್ಜಿ ಹಾಕಿದರೆ, ಪೂರ್ತಿ ಹಣ ಕಟ್ಟುವ ಮುಂಚೆಯೇ ಪಾಸ್‌ಪೋರ್ಟ್ ಕೈಗೆ ಬಂದಿರುವ ಸಾಧ್ಯತೆ ಜಾಸ್ತಿ. ಅಕಸ್ಮಾತ್ ವೀಸಾ ಆಗಲಿಲ್ಲ ಅಂದುಕೊಳ್ಳಿ, ಹೋಗುವುದು ಡೆಪಾಸಿಟ್ ಮಾತ್ರ. ಅದೂ ರೀಫಂಡ್ ಆಗುವ ಡೆಪಾಸಿಟ್ ಆಗಿದ್ದರೆ ಅದೂ ವಾಪಸ್. ಕೊನೇ ಗಳಿಗೆಯಲ್ಲಿ ಬುಕ್ ಮಾಡುವವರು ಒಂದೇ ಸಲಕ್ಕೆ ಪೂರ್ತಿ ಹಣ ಕಟ್ಟಬೇಕು. ಆ ಹೊತ್ತಿಗೆ ಕ್ಯಾನ್ಸಲ್ ಮಾಡಿದರೆ ಅರ್ಧ, ಮುಕ್ಕಾಲು, ಕೊನೆಕೊನೆಗೆ ಪೂರ್ತಿ ಮುಳುಗುತ್ತದೆ.

ಶಿವಮೊಗ್ಗದ ದಂಪತಿ ಒಬ್ಬರು ನನ್ನ ಮೇಜಿನ ಎದುರು ಕೂತು ಹೀಗೇ ಕಾದರು. ರೇಟು ಇಳಿಯಿತು, ಇಬ್ಬರಿಗೂ ಸೇರಿ 1,200 ಡಾಲರ್ ಉಳಿಯಿತು. ಅಂಕಲ್ ಖುಷಿಯಿಂದ ಪೇಡಾ ತಂದುಕೊಟ್ಟರು. ಆಮೇಲೆ ಶುರುವಾಯಿತು ನೋಡಿ, ದಿನಾ ಬೆಳಿಗ್ಗೆ ನಾನು ಇಲ್ಲಿ, ಅವರ ಮಗಳು ಅಲ್ಲಿ, ಕಂಪ್ಯೂಟರ್ ಮುಂದೆ ಕೂತು ವೀಸಾ ಸ್ಲಾಟ್ ಹುಡುಕುವುದು. ಸ್ಲಾಟ್ ಸಿಕ್ಕಿದ್ದು ಹಡಗು ಹೊರಟು ನಾಲ್ಕು ದಿನ ಆದ ಮೇಲಿನ ತಾರೀಖಿಗೆ. ಆಂಟಿ ಹೊಸ ಸ್ವೆಟರ್ ಕೂಡ ತಗೊಂಡಿದ್ದರು. ಇನ್ನೊಬ್ಬರಿಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನು ಹಡಗಿನ ಗಾತ್ರ. 'ಐಕಾನ್ ಆಫ್ ದಿ ಸೀಸ್' ಥರದ ಹಡಗಿನಲ್ಲಿ ರೂಮಿಗೆ ಇಬ್ಬರಂತೆ ಹಿಡಿದರೂ 5,610 ಜನ. ಅಲ್ಲಿ ಕೊನೆಗೆ ನೂರಿನ್ನೂರು ರೂಮು ಉಳಿಯಬಹುದು, ರೇಟೂ ಇಳಿಯಬಹುದು. ನೀವು ನೋಡಿರುವ 700 ಜನರ ಹಡಗಿನಲ್ಲಿ ಇರುವುದೇ 350ರ ಆಸುಪಾಸು ರೂಮು. ಇದರಲ್ಲಿ ತೀರಾ ಕಡಿಮೆ ರೇಟಿನವು ಮತ್ತು ತೀರಾ ದುಬಾರಿ ಸೂಟ್‌ಗಳು ಮೊದಲೇ ಹೋಗುತ್ತವೆ. ಉಳಿಯುವುದು ಮಧ್ಯದವು. ಆ ಮಧ್ಯದ ರೂಮಿಗೆ ಡಿಸ್ಕೌಂಟ್ ಕೊಟ್ಟ ಮೇಲಿನ ರೇಟು, ನೀವು ಇವತ್ತು ನೋಡುತ್ತಿರುವ ಕಡಿಮೆ ರೂಮಿನ ರೇಟಿಗಿಂತ ಹೆಚ್ಚಿದ್ದರೆ ಆಶ್ಚರ್ಯ ಏನಿಲ್ಲ. ಅದೂ ಅಲ್ಲದೆ ಲಕ್ಸುರಿ ಕಂಪನಿಗಳಿಗೆ ಹೆಸರಿನ ಚಿಂತೆ. ಪೂರ್ತಿ ಹಣ ಕೊಟ್ಟವರ ಪಕ್ಕದಲ್ಲೇ ಅರ್ಧ ಕೊಟ್ಟವರು ಕೂತು ಊಟ ಮಾಡುವುದು ಅವರಿಗೆ ಬೇಕಿಲ್ಲ. ಹಾಗಾಗಿ ರೇಟು ಇಳಿಸುವ ಬದಲು ಹಡಗಿನಲ್ಲಿ ಖರ್ಚು ಮಾಡೋಕೆ ಕ್ರೆಡಿಟ್ ಕೊಡುತ್ತಾರೆ, ಮೇಲಿನ ದರ್ಜೆಯ ರೂಮು ಕೊಡುತ್ತಾರೆ, ವಿಮಾನದ ಟಿಕೆಟ್ ಸೇರಿಸುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ 'ವೇವ್ ಸೀಸನ್' ಅಂತ ಇಂಥ ಆಫರ್‌ಗಳ ಸುಗ್ಗಿ. ನೀವು ಅದಕ್ಕೂ ಮೊದಲು ಬುಕ್ ಮಾಡಿದ್ದರೂ ಚಿಂತೆ ಬೇಡ.

ಯಾಕೆ ಅಂದರೆ, ಬೇಗ ಬುಕ್ ಮಾಡಿದವರಿಗೆ ಡಿಸ್ಕೌಂಟ್ ಬಾಗಿಲು ಮುಚ್ಚಿತು ಅಂತ ಅಲ್ಲ. ಫೈನಲ್ ಪೇಮೆಂಟ್ ತಾರೀಖಿನ ತನಕ ಅದೇ ದರ್ಜೆಯ ರೂಮಿಗೆ ರೇಟು ಇಳಿದರೆ ಹೊಸ ರೇಟಿಗೆ ಬದಲಾಯಿಸಿ ಕೊಡಿ ಅಂತ ಕೇಳಬಹುದು. ಅನೇಕ ಕಂಪನಿಗಳು ಒಪ್ಪುತ್ತವೆ. ಆದರೆ ತಾವಾಗಿ ಫೋನ್ ಮಾಡಿ ಹೇಳುವುದಿಲ್ಲ, ನೀವೇ ಕೇಳಬೇಕು. ಇಲ್ಲಿನ ಏಜೆಂಟ್ ಮೂಲಕ ಹೋಗುವುದಾದರೆ ಡೆಪಾಸಿಟ್ ಕಟ್ಟುವ ಮೊದಲೇ ಈ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಏಪ್ರಿಲ್ ಬರುವವರೆಗೆ ತಿಂಗಳಿಗೊಮ್ಮೆ ರೇಟು ನೋಡಿ, ಏಪ್ರಿಲ್ ಮೊದಲ ವಾರದಿಂದ ಎರಡು ದಿನಕ್ಕೊಮ್ಮೆ ನೋಡಿ. ಒಂದು ಎಚ್ಚರ: ಹೊಸ ರೇಟಿಗೆ ಹೋದರೆ ಹಳೇ ಆಫರ್‌ನ ಉಚಿತಗಳು ಹೋಗಬಹುದು. 200 ಡಾಲರ್ ಇಳಿಯಿತು ಅಂತ ಬದಲಾಯಿಸಿ, 400 ಡಾಲರ್ ಕ್ರೆಡಿಟ್ ಕಳೆದುಕೊಂಡವರನ್ನು ನೋಡಿದ್ದೇನೆ.

ದುಡ್ಡಿನ ಲೆಕ್ಕವನ್ನೂ ಮಾಡಿಬಿಡೋಣ. ನಿಮಗೆ ಅದೃಷ್ಟ ಇದ್ದು ಶೇ 15 ಇಳಿಯಿತು ಅಂದರೆ ಇಬ್ಬರಿಗೆ 1,800 ಡಾಲರ್ ಉಳಿತಾಯ. ಕಡಿಮೆ ದುಡ್ಡಲ್ಲ. ಆದರೆ ಕಾಯುವಾಗ ಬೆಂಗಳೂರು–ಅಥೆನ್ಸ್ ಹೋಗುವ, ರೋಮ್–ಬೆಂಗಳೂರು ಬರುವ ವಿಮಾನದ ಟಿಕೆಟ್ಟೂ ಕಾದಿರುತ್ತದೆ, ಅದು ಸಾಮಾನ್ಯವಾಗಿ ಮೇಲಕ್ಕೇ ಹೋಗುವುದು. ರೂಪಾಯಿ ಇನ್ನೊಂದು ಕಡೆ. 2022ರ ಶುರುವಿನಲ್ಲಿ ಡಾಲರ್‌ಗೆ 75ರ ಆಸುಪಾಸು ಇದ್ದದ್ದು 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಬಾಕಿ ಹಣ ಕಟ್ಟುವ ದಿನದ ರೇಟೇ ನಿಮಗೆ ಬೀಳುವುದು, ಅದಕ್ಕೆ ಸ್ವಲ್ಪ ಜಾಸ್ತಿಯೇ ಎತ್ತಿಟ್ಟುಕೊಂಡಿರಿ. ಇಲ್ಲಿನ ಏಜೆಂಟ್ ಹತ್ತಿರ ವಿದೇಶಿ ಪ್ಯಾಕೇಜ್ ತಗೊಂಡರೆ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ವಸೂಲಿ ಮಾಡುವ ತೆರಿಗೆ, ಕೂಡ ಹಿಡಿಯುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಬಂದ ನಿಯಮ, ದರ ಆಮೇಲೆ ಬದಲಾಗುತ್ತಲೇ ಇದೆ, ಕಟ್ಟುವ ದಿನ ಕೇಳಿಕೊಳ್ಳಿ. ಅದು ಕಳೆದುಹೋದ ದುಡ್ಡಲ್ಲ, ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ರಿಟರ್ನ್ ಹಾಕುವವರ ಪ್ಯಾನ್ ಕೊಡಿ, ಅಷ್ಟೇ.

ಮನೆಯವರ ಮಂಡಿನೋವಿನ ವಿಷಯ ನನಗೆ ರೇಟಿಗಿಂತ ಮುಖ್ಯ ಅನ್ನಿಸಿತು. ಬೇಗ ಬುಕ್ ಮಾಡಿದರೆ ರೂಮಿನ ನಂಬರ್ ನೀವೇ ಆರಿಸಬಹುದು. ಡಿಸ್ಕೌಂಟ್‌ನಲ್ಲಿ ಸಿಗುವುದು ಎಷ್ಟೋ ಸಲ 'ಗ್ಯಾರಂಟಿ' ರೂಮು, ಅಂದರೆ ಯಾವುದು ಕೊಡಬೇಕು ಅನ್ನುವುದು ಕಂಪನಿಯ ಇಷ್ಟ. ಡೆಕ್ ಪ್ಲಾನ್, ಅಂದರೆ ಹಡಗಿನ ಒಂದೊಂದು ಮಹಡಿಯ ನಕ್ಷೆ, ತೆಗೆದು ಮುಂದಿಟ್ಟುಕೊಳ್ಳಿ. ಹಡಗಿನ ನಡುಭಾಗ, ಕೆಳಗಿನ ಡೆಕ್, ಅಲ್ಲಿ ತೂಗಾಟ ಕಡಿಮೆ. ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ಆಚೆ ಇರಲಿ, ತೀರಾ ಪಕ್ಕ ಬೇಡ, ಜನರ ಮಾತು ಕೇಳಿಸುತ್ತಿರುತ್ತದೆ. ನಿಮ್ಮ ರೂಮಿನ ನೇರ ಮೇಲೆ ಏನಿದೆ ಅಂತ ಮೇಲಿನ ಡೆಕ್ಕಿನ ಚಿತ್ರ ನೋಡಿ. ಅಲ್ಲಿ ಈಜುಕೊಳ ಇದ್ದರೆ ಬೆಳಿಗ್ಗೆ ಆರಕ್ಕೇ ಕುರ್ಚಿ ಎಳೆಯುವ ಸದ್ದು ಶುರು. ಮೇಲೂ ಕೆಳಗೂ ರೂಮುಗಳೇ ಇದ್ದರೆ ನೆಮ್ಮದಿ.

ಬಂದರುಗಳ ಪಟ್ಟಿಯಲ್ಲಿ 'ಟೆಂಡರ್' ಅಂತ ಬರೆದಿದೆಯಾ ನೋಡಿ. ಹಾಗಂದರೆ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಸ್ಯಾಂಟೊರಿನಿಯಲ್ಲಿ ಹೀಗೇ. ದೋಣಿ ಅಲುಗಾಡುವಾಗ ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟು ದಾಟುವುದು ಮಂಡಿನೋವಿನವರಿಗೆ ಕಷ್ಟ. ದಡ ಸೇರಿದ ಮೇಲೂ ಊರು ಇರುವುದು ಗುಡ್ಡದ ತುದಿಯಲ್ಲಿ, ಕೇಬಲ್ ಕಾರಿಗೆ ಕ್ಯೂ ನಿಲ್ಲಬೇಕು, ಇಲ್ಲದಿದ್ದರೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಅಂಥ ಬಂದರು ಒಂದಿದ್ದರೆ ಪರವಾಗಿಲ್ಲ. ಮೂರಿದ್ದರೆ ಬೇರೆ ರೂಟ್ ನೋಡಿ. ನಡುವೆ ಹಡಗು ಟರ್ಕಿಗೋ ಮಾಂಟೆನೆಗ್ರೊಗೋ ಹೋಗುತ್ತದಾದರೆ ಷೆಂಗೆನ್ ಗಡಿ ದಾಟಿ ಮತ್ತೆ ಒಳಗೆ ಬಂದ ಹಾಗೆ, ಮಲ್ಟಿಪಲ್ ಎಂಟ್ರಿ ವೀಸಾ ಕೇಳಬೇಕು, ಆ ದೇಶದ ನಿಯಮವನ್ನೂ ನೋಡಿಕೊಳ್ಳಬೇಕು.

ಊಟಕ್ಕೆ ತೊಂದರೆ ಇಲ್ಲ. ಸಣ್ಣ ಹಡಗಿನ ಅಡುಗೆಯವರು ನಿಜಕ್ಕೂ ಕಾಳಜಿಯಿಂದ ಮಾಡಿಕೊಡುತ್ತಾರೆ. ಆದರೆ ಬೇಳೆ, ಮಸಾಲೆ ಎಲ್ಲ ಹಡಗು ಹೊರಡುವ ಮುಂಚೆಯೇ ತುಂಬಿಕೊಳ್ಳಬೇಕು, ಹಾಗಾಗಿ ಎರಡು ಮೂರು ತಿಂಗಳು ಮೊದಲೇ ತಿಳಿಸಿ. 'ವೆಜಿಟೇರಿಯನ್' ಅಂತಷ್ಟೇ ಬರೆದರೆ ಹತ್ತು ದಿನವೂ ಪಾಸ್ತಾ, ಸಲಾಡ್ ಬರಬಹುದು. 'ಭಾರತೀಯ ಸಸ್ಯಾಹಾರ, ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ' ಅಂತ ಬಿಡಿಸಿ ಬರೆಯಿರಿ. ಅನ್ನ, ಬೇಳೆ, ಮೊಸರು ಸಿಕ್ಕರೆ ನಮಗೆ ಇನ್ನೇನು ಬೇಕು, ಅಲ್ವಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಒಬ್ಬಳೇ. ಅಂಟಾರ್ಕ್ಟಿಕಾ ನೋಡಬೇಕು ಅನ್ನುವುದು ಬಹಳ ವರ್ಷದ ಆಸೆ. ಒಬ್ಬರಿಗೂ ಇಬ್ಬರ ರೇಟು ಹೇಳುತ್ತಾರೆ. ಕಾದರೆ ಕಡಿಮೆ ಆಗುತ್ತದಾ?
(ಧಾರವಾಡದ ಓದುಗರು)

ಉತ್ತರ: ಮೇಡಂ, ಕಾಯಬೇಡಿ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನರಿಗಿಂತ ಹೆಚ್ಚು ಪ್ರವಾಸಿಗರು ಇಳಿಯುವ ಹಾಗಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ನೆಲಕ್ಕೆ ಕಾಲಿಡುವ ಹಾಗೇ ಇಲ್ಲ. ಅದಕ್ಕೆ ಅಲ್ಲಿ ಸಣ್ಣ ಹಡಗೇ ಬೇಕು, 100–200 ಜನರದ್ದಾದರೆ ಇನ್ನೂ ಒಳ್ಳೆಯದು. ಸೀಸನ್ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಒಬ್ಬರಿಗೇ ಅಂತ ಮಾಡಿದ ರೂಮು ಬೆರಳೆಣಿಕೆಯಷ್ಟು, ಒಂದು ವರ್ಷಕ್ಕೂ ಮೊದಲೇ ಹೋಗಿಬಿಡುತ್ತವೆ.

ಎರಡು ದಾರಿ ಇದೆ. ಒಂದು, ಇನ್ನೊಬ್ಬ ಮಹಿಳೆಯ ಜೊತೆ ರೂಮು ಹಂಚಿಕೊಳ್ಳುವುದು. ಕೆಲವು ಕಂಪನಿಗಳು ತಾವೇ ಜೋಡಿ ಹುಡುಕಿ ಕೊಡುತ್ತವೆ, ಆಗ ಒಬ್ಬರ ರೇಟೇ. ಎರಡು, ಸೀಸನ್ನಿನ ಎರಡು ತುದಿ. ನವೆಂಬರ್ ಶುರುವಿನಲ್ಲೋ ಮಾರ್ಚ್‌ನಲ್ಲೋ ಹೊರಡುವ ಹಡಗಿಗೆ ಈ ಒಬ್ಬರ ಹೆಚ್ಚುವರಿ ಚಾರ್ಜ್ ಕಡಿಮೆ ಮಾಡಿರುವ ಆಫರ್ ಇದೆಯಾ ಕೇಳಿ. ನವೆಂಬರ್‌ನಲ್ಲಿ ಹಿಮ ಹೊಸದಾಗಿ ಬಿದ್ದ ಹಾಗೆ ಬೆಳ್ಳಗಿರುತ್ತದೆ. ಮಾರ್ಚ್‌ನಲ್ಲಿ ತಿಮಿಂಗಿಲ ಚೆನ್ನಾಗಿ ಕಾಣುತ್ತವೆ. ಪೆಂಗ್ವಿನ್ ಮರಿ ನೋಡಲೇಬೇಕು ಅಂದರೆ ಮಾತ್ರ ಜನವರಿ, ಅದು ದುಬಾರಿ.

ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾಗೂ ನಡುವಿನ ಸಮುದ್ರ ಡ್ರೇಕ್ ಪ್ಯಾಸೇಜ್, ಅದನ್ನು ದಾಟೋಕೆ ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ. ಅಲೆ ಜೋರು. ಡಾಕ್ಟರನ್ನು ಕಂಡು ಹೋಗಿ. ಇನ್ಶೂರೆನ್ಸ್‌ನಲ್ಲಿ ಹಡಗಿನಿಂದ ತುರ್ತಾಗಿ ಸಾಗಿಸುವ ಖರ್ಚು ಸೇರಿದೆಯಾ ಓದಿ ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಅಂಟಾರ್ಕ್ಟಿಕಾ ಸೇರಿಲ್ಲದೆಯೂ ಇರಬಹುದು.

ಪ್ರಶ್ನೆ: ನಾವು ಫ್ಲೋರಿಡಾದ ಒರ್ಲ್ಯಾಂಡೊದಲ್ಲಿದ್ದೇವೆ, ಇಬ್ಬರಿಗೂ ಅಮೆರಿಕದ ಪಾಸ್‌ಪೋರ್ಟ್, ಮನೆಯಿಂದಲೇ ಕೆಲಸ. ಕೆರಿಬಿಯನ್‌ನಲ್ಲಿ ಒಂದು ವಾರ ಲಕ್ಸುರಿ ಹಡಗಿನಲ್ಲಿ ಇರಬೇಕು. ತಾರೀಖು ಯಾವುದಾದರೂ ಸರಿ. ನಾವೂ ಬೇಗ ಬುಕ್ ಮಾಡಬೇಕಾ?
(ಒರ್ಲ್ಯಾಂಡೊದ ಕನ್ನಡಿಗ ದಂಪತಿ)

ಉತ್ತರ: ಬೇಡ, ನೀವು ಕಾಯಿರಿ. ಮೈಸೂರಿನವರಿಗೆ ಹೇಳಿದ ವೀಸಾ, ವಿಮಾನದ ತೊಡಕು ನಿಮಗಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿಂದ ಕ್ರಿಸ್‌ಮಸ್ ರಜೆ ಶುರುವಾಗುವವರೆಗಿನ ಎರಡು ಮೂರು ವಾರ ಜನ ಕಡಿಮೆ, ಚಂಡಮಾರುತದ ಕಾಲವೂ ನವೆಂಬರ್ 30ಕ್ಕೆ ಮುಗಿದಿರುತ್ತದೆ. ಅದೇ ವಾರಗಳ ಮೇಲೆ ಕಣ್ಣಿಡಿ. ಫೈನಲ್ ಪೇಮೆಂಟ್ ಗಡುವು ದಾಟಿದ ಕೂಡಲೇ ಹಿಂದೆ ಸರಿದವರ ರೂಮುಗಳು ವಾಪಸ್ ಬರುತ್ತವೆ. ಹೊರಡುವ 120 ದಿನದಿಂದ 60 ದಿನದ ನಡುವೆ ರೇಟು ನೋಡುತ್ತಿರಿ. ಇಷ್ಟವಾದ ರೇಟು ಕಂಡರೆ ಹಿಡಿಯಿರಿ, ಇನ್ನೂ ಇಳಿಯಲಿ ಅಂತ ಎಳೆಯಬೇಡಿ.

ಊರಿಂದ ಅಪ್ಪ, ಅಮ್ಮನನ್ನು ಕರೆಸಿಕೊಂಡು ಹೋಗುವ ಯೋಚನೆ ಇದ್ದರೆ ಮಾತ್ರ ಈ ಉತ್ತರ ಬದಲಾಗುತ್ತದೆ. ಹಡಗು ನಿಲ್ಲುವ ಒಂದೊಂದು ದ್ವೀಪದಲ್ಲೂ ಭಾರತೀಯ ಪಾಸ್‌ಪೋರ್ಟ್‌ಗೆ ಏನು ನಿಯಮ ಅಂತ ನೋಡಬೇಕು, ಅವರ ಅಮೆರಿಕದ ವೀಸಾ ಮತ್ತೆ ಒಳಗೆ ಬರೋಕೆ ನಡೆಯುತ್ತದಾ ನೋಡಬೇಕು. ಆಗ ಮೊದಲು ಆ ಕಾಗದಪತ್ರ ಸರಿಮಾಡಿಕೊಳ್ಳಿ, ರೂಮು ಆಮೇಲೆ ನೋಡಿದರಾಯಿತು.