ಡಾಕ್ಟ್ರನ್ನು ಕೇಳಿ: ‘ಅಪ್ಪಯ್ಯನಿಗೆ ಮಾತ್ರ ಹೇಳಬೇಡಿ’

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಹೊಸನಗರ ತಾಲ್ಲೂಕಿನ ಆಸ್ಪತ್ರೆಯೊಂದಕ್ಕೆ ಬಂದಿದ್ದೇನೆ. ಅರವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರಿಗೆ ಒಳಗೆನ್ನೆಯಲ್ಲಿ ಮಾಯದ ಹುಣ್ಣಿತ್ತು. ಶಿವಮೊಗ್ಗಕ್ಕೆ ಕಳಿಸಿ ಬಯಾಪ್ಸಿ ಮಾಡಿಸಿದೆ. ಕ್ಯಾನ್ಸರ್ ಅಂತ ಬಂದಿದೆ. ರಿಪೋರ್ಟ್ ತಂದ ಮಗ ನನ್ನನ್ನು ಹೊರಗೆ ಕರೆದು, ‘ಅಪ್ಪಯ್ಯನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ತಡೆದುಕೊಳ್ಳಲ್ಲ’ ಎಂದರು. ಒಳಗೆ ಬಂದರೆ ಅವರು ‘ಏನಂತೆ?’ ಎಂದು ನನ್ನ ಮುಖವನ್ನೇ ನೋಡಿದರು. ‘ಇನ್ನೊಂದು ಟೆಸ್ಟ್ ಆಗಬೇಕು’ ಎಂದು ಜಾರಿಕೊಂಡೆ. ಮುಂದಿನ ವಾರ ಮತ್ತೆ ಬರುತ್ತಾರೆ. ಏನು ಮಾಡಲಿ?
- ಹೆಸರು ಬೇಡ, ಹೊಸನಗರ

ಉತ್ತರ: ಹೇಳಬೇಕಾಗುತ್ತದೆ. ಆದರೆ ಎಷ್ಟು ಹೇಳಬೇಕು ಅನ್ನುವುದನ್ನು ಮಗನೂ ತೀರ್ಮಾನ ಮಾಡಬಾರದು, ನೀವೂ ಮಾಡಬಾರದು. ಅಪ್ಪಯ್ಯನನ್ನೇ ಕೇಳಿ.

ಮೊದಲು ಮಗನ ಜೊತೆ ಹತ್ತು ನಿಮಿಷ ಕೂತುಕೊಳ್ಳಿ. ಕಾನೂನು ಹೇಳಲು ಹೋಗಬೇಡಿ. ‘ಹೇಳಿದರೆ ಏನಾಗುತ್ತೆ ಅಂತ ನಿಮಗೆ ಹೆದರಿಕೆ?’ ಎಂದು ಕೇಳಿ. ಸಾಮಾನ್ಯವಾಗಿ ಒಂದು ಹಳೇ ಕಥೆ ಹೊರಗೆ ಬರುತ್ತದೆ. ಚಿಕ್ಕಪ್ಪನಿಗೆ ಹೀಗೇ ಆಗಿತ್ತು, ತಿಳಿದ ಮೇಲೆ ಊಟ ಬಿಟ್ಟರು, ಇಂಥದ್ದು. ‘ಜೀವಕ್ಕೇನಾದರೂ ಮಾಡಿಕೊಂಡರೆ’ ಎಂದರೆ ಅದನ್ನು ತಳ್ಳಿಹಾಕಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಕೈಗೆ ಸಿಗುವ ಹಾಗೇ ಇರುತ್ತದೆ. ಬೀಗ ಹಾಕಿಡಲು ಹೇಳಿ. ರೋಗಿಯನ್ನೂ ಆಮೇಲೆ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ತಲೆಗೆ ಹೊಗುವುದಿಲ್ಲ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ನಂಬರ್ ಬರೆದುಕೊಡಿ.

ಆಮೇಲೆ ಮಗನಿಗೆ ಒಂದು ಮಾತು ತಿಳಿಸಿ. ಇದು ಮುಚ್ಚಿಡಲು ಆಗುವ ವಿಷಯವೇ ಅಲ್ಲ. ಮಲೆನಾಡಿನಲ್ಲಿ ‘ಕಿದ್ವಾಯಿಗೆ (ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ) ಬರೆದುಕೊಟ್ಟರು’ ಅಂದರೆ ಏನೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಅಪ್ಪಯ್ಯ ಆಪರೇಷನ್‌ಗೆ ಸಹಿ ಹಾಕಬೇಕು, ಕರೆಂಟು (ರೇಡಿಯೇಷನ್) ಕೊಡುವಾಗ ವಾರಗಟ್ಟಲೆ ಓಡಾಡಬೇಕು. ಪಕ್ಕದ ಬೆಂಚಿನವರು ‘ನಿಮಗೆ ಯಾವ ಸ್ಟೇಜು?’ ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಗೊತ್ತಾಗುವುದಕ್ಕಿಂತ ಮಗ ಪಕ್ಕದಲ್ಲಿ ಕೂತಿರುವಾಗ ಗೊತ್ತಾಗುವುದು ಒಳ್ಳೆಯದಲ್ವಾ?

ಕಾನೂನು ನಿಮ್ಮ ತಿಳಿವಳಿಕೆಗಿರಲಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಮನೆಯವರ ಒಪ್ಪಿಗೆ ಸಾಲದು ಎಂದು. ಅಲ್ಲಿ ಒಪ್ಪಿಗೆ ಕೊಟ್ಟವರು ರೋಗಿಯ ತಾಯಿಯೇ ಆಗಿದ್ದರು. ಕಾಯಿಲೆ ಏನೆಂದು ತಿಳಿಯದವರು ಒಪ್ಪಿಗೆ ಕೊಡುವುದಾದರೂ ಹೇಗೆ?

ಇನ್ನು ಆ ದಿನ. 2000ದಲ್ಲಿ ಅಮೆರಿಕ, ಕೆನಡಾದ ಕ್ಯಾನ್ಸರ್ ವೈದ್ಯರು ಕೆಟ್ಟ ಸುದ್ದಿ ಹೇಳುವುದಕ್ಕೊಂದು ಆರು ಹೆಜ್ಜೆಯ ಕ್ರಮ ಬರೆದರು, ಸ್ಪೈಕ್ಸ್ ಅಂತ. ನೀವು 2019ರ ನಂತರ ಕಾಲೇಜು ಸೇರಿದವರಾದರೆ ಏಟ್‌ಕಾಮ್ (ನಡವಳಿಕೆ, ನೀತಿ, ಮಾತುಕತೆ ಕಲಿಸುವ) ಕ್ಲಾಸಿನಲ್ಲಿ ಕೇಳಿರುತ್ತೀರಿ. ನಮ್ಮ ಕಾಲದಲ್ಲಿ ಅಂಥ ಕ್ಲಾಸೇ ಇರಲಿಲ್ಲ, ಸೀನಿಯರ್ ಹೇಗೆ ಗದರುತ್ತಾರೋ ಅದೇ ಪಾಠ. ಆರೂ ಹೆಜ್ಜೆ ಬಾಯಿಪಾಠ ಬೇಡ. ಓಪಿಡಿ ಮುಗಿದ ಮೇಲೆ ಬರಹೇಳಿ. ಬಾಗಿಲು ಹಾಕಿ, ಫೋನ್ ಸೈಲೆಂಟ್ ಮಾಡಿ, ನೀವೂ ಕೂತುಕೊಳ್ಳಿ. ಯಾರು ಜೊತೆಗಿರಬೇಕು ಎಂದು ಅವರನ್ನೇ ಕೇಳಿ. ‘ಹೋದ ಸಲ ನಾನು ಪೂರ್ತಿ ಹೇಳಿರಲಿಲ್ಲ’ ಎಂದು ಶುರು ಮಾಡಿ. ‘ಈ ಹುಣ್ಣಿನ ಬಗ್ಗೆ ನಿಮಗೇನನಿಸಿದೆ?’ ಎನ್ನಿ. ನಂತರ, ‘ವಿವರ ಎಲ್ಲ ನಿಮಗೇ ಹೇಳಲಾ, ಮಗನಿಗೆ ಹೇಳಿದರೆ ಸಾಕಾ?’ ಎಂದು ಕೇಳಿ. ಕೆಲವರು ‘ಅವನಿಗೇ ಹೇಳಿ, ನನಗೆ ಬೇಡ’ ಅನ್ನುತ್ತಾರೆ. ಅದೂ ಅವರದೇ ತೀರ್ಮಾನ. ಕೇಸ್ ಶೀಟಿನಲ್ಲಿ ಬರೆದಿಡಿ. ಮುಂದೆ ಯಾವಾಗ ಬೇಕಾದರೂ ಕೇಳಬಹುದು ಎಂದು ಹೇಳಿ.

ಅವರು ‘ನನಗೇ ಹೇಳಿ’ ಎಂದರೆ, ‘ನಾವು ಅಂದುಕೊಂಡಷ್ಟು ಒಳ್ಳೇ ಸುದ್ದಿ ಇಲ್ಲ’ ಎಂದು ಒಂದು ಗಳಿಗೆ ನಿಲ್ಲಿ. ಆಮೇಲೆ ಕ್ಯಾನ್ಸರ್ ಎಂದೇ ಹೇಳಿ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಇದೇ ಕಷ್ಟ. ಆ ಮೌನ ತಡೆಯಲಾರದೆ ನಾವು ಡಾಕ್ಟರುಗಳು ಆಪರೇಷನ್, ಕೀಮೋ ಎಂದು ಒದರಲು ಶುರು ಮಾಡುತ್ತೇವೆ. ಅವರ ಕಿವಿಗೆ ಒಂದೂ ಬಿದ್ದಿರುವುದಿಲ್ಲ.

ತೀರ್ಥಹಳ್ಳಿಯ ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ಅಜ್ಜಯ್ಯ ಕೇಳಿಸಿಕೊಂಡು, ಟವೆಲ್ಲಿನಿಂದ ಕನ್ನಡಕ ಒರೆಸಿ, ‘ಬಾಯಿ ನಂದಲ್ವಾ ಮಾರಾಯ್ತಿ, ನಂಗೆ ಗೊತ್ತಾಗಲ್ವಾ?’ ಎಂದರು. ಮಗನ ಮುಖ ನೋಡಬೇಕಿತ್ತು. ಮುಂದಿನ ಪ್ರಶ್ನೆ ಸಾವಿನ ಬಗ್ಗೆ ಅಲ್ಲ, ‘ಅಡಿಕೆ ಕೊನೆಕೊಯ್ಲು ಮುಗಿಸಿಕೊಂಡು ಹೋಗೋದಾ, ಮುಂಚೆನೇ ಹೋಗೋದಾ?’ ಮುಂಚೆಯೇ ಎಂದೆ. ಅಲ್ಲೇ ಕೂತು ಮಗನಿಗೆ ಸೊಸೈಟಿ ಸಾಲದ ಲೆಕ್ಕ, ಕೊಯ್ಲಿಗೆ ಯಾರನ್ನು ಕರೆಯಬೇಕು, ಎಲ್ಲ ಹೇಳಿದರು. ನಾವು ಮುಚ್ಚಿಟ್ಟಿದ್ದರೆ ಅವರು ಕೊಯ್ಲು ಮುಗಿಯುವ ತನಕ ಮನೆಯಲ್ಲೇ ಕೂರುತ್ತಿದ್ದರು, ಹುಣ್ಣು ಬೆಳೆಯುತ್ತಿತ್ತು.

‘ಎಷ್ಟು ದಿನ?’ ಎಂದು ಕೇಳಿದರೆ ಸ್ಕ್ಯಾನ್ ಆಗದೆ ಲೆಕ್ಕ ಕೊಡಬೇಡಿ. ಇನ್ನೂ ಗೊತ್ತಾಗಿಲ್ಲ ಎಂದೇ ಹೇಳಿ. ‘ಎಲೆಅಡಿಕೆಯಿಂದಲೇ ಬಂತಾ?’ ಎಂದೂ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ತೋಟ ನಂಬಿ ಬದುಕಿದವರಿಗೆ ಇದು ಬರೀ ಆರೋಗ್ಯದ ಮಾತಲ್ಲ. ಸುಳ್ಳು ಹೇಳಬೇಡಿ, ಬೈಯಲೂ ಬೇಡಿ. ‘ಕಾರಣ ಆಗಿರಬಹುದು, ಇವತ್ತಿನಿಂದ ಬಿಟ್ಟರೆ ಚಿಕಿತ್ಸೆಗೆ ಅನುಕೂಲ’ ಎಂದರೆ ಸಾಕು.

ಇನ್ನು ಮೇಲೆ ಬಯಾಪ್ಸಿಗೆ ಕಳಿಸುವ ದಿನವೇ ‘ರಿಪೋರ್ಟ್ ಬಂದರೆ ಯಾರಿಗೆ ಹೇಳಲಿ?’ ಎಂದು ರೋಗಿಯನ್ನು ಕೇಳಿಟ್ಟುಕೊಳ್ಳಿ. ಹೊರಗೆ ಕರೆಯುವ ಕೆಲಸವೇ ಇರುವುದಿಲ್ಲ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಕಾಡಿನ ಉಣುಗಿನಿಂದ (ಉಣ್ಣೆ) ಹರಡುವ ಮಂಗನ ಕಾಯಿಲೆಯ ಪತ್ತೆಗೆ ಜ್ವರ ಬಂದವರ ಮನೆಗೆ ಹೋಗಿ ‘ಕಾಡಿಗೆ ಹೋಗಿದ್ರಾ?’ ಎಂದರೆ ಎಲ್ಲರೂ ‘ಇಲ್ಲ’ ಅನ್ನುತ್ತಾರೆ. ಫಾರೆಸ್ಟಿನವರ ಹೆದರಿಕೆ. ಹೇಗೆ ಕೇಳಲಿ?
- ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹಾಗೆ ಕೇಳಿದರೆ ನಾನೂ ಇಲ್ಲ ಅಂತಲೇ ಹೇಳುತ್ತೇನೆ! ‘ಕೊಟ್ಟಿಗೆಗೆ ದರಗು (ಒಣಗಿದ ಎಲೆ) ಎಲ್ಲಿಂದ ತರ್ತೀರಿ, ದನ ಎಲ್ಲಿ ಮೇಯುತ್ತೆ, ಮೈಗೆ ಉಣುಗು ಹತ್ತಿತ್ತಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ?’ ಎಂದು ಕೇಳಿ. ಅಂಗಳದಲ್ಲಿ ನಾಲ್ಕು ಜನರ ಎದುರು ಬೇಡ. ಬರೆದುಕೊಳ್ಳುತ್ತಿರುವುದು ರಕ್ತ ಪರೀಕ್ಷೆಗೆ, ಕೇಸಿಗಲ್ಲ ಎಂದು ಮೊದಲೇ ಹೇಳಿಬಿಡಿ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಮಂಗನ ಕಾಯಿಲೆಯ ವೈರಸ್ಸನ್ನು ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ಬೇಗ ಪತ್ತೆಯಾಗಿ ಆಸ್ಪತ್ರೆಯ ಆರೈಕೆ ಸಿಕ್ಕರೆ ಜಾಸ್ತಿ ಜನ ಉಳಿಯುತ್ತಾರೆ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ ನಿಗಾ ಇರಲಿ. ಇನ್ನೊಂದು ಮಾತು: ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ. ಆಗ ತಲೆನೋವು, ನಡುಕ, ಮಾತು ತಡವರಿಸುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಕರೆದುಕೊಂಡು ಬರಲು ಮನೆಯವರಿಗೆ ಹೇಳಿಟ್ಟಿರಿ.