ಜನವರಿ 26ರ ಮೈಕಿನಲ್ಲಿ ಎಷ್ಟು ಭಾಷೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹಾಸನದ ಕಡೆಯಿಂದ ಬೀದರ್ ಜಿಲ್ಲೆಯ ಸರ್ಕಾರಿ ಶಾಲೆಗೆ ಟೀಚರಾಗಿ ಬಂದು ಆರು ತಿಂಗಳಾಗಿದೆ. ಒಂದೇ ಕಾಂಪೌಂಡಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡೂ ಇವೆ. ಕೆಲವು ಮಕ್ಕಳ ಮನೆಯಲ್ಲಿ ಮರಾಠಿ, ತಾಂಡಾದ ಮಕ್ಕಳ ಮನೆಯಲ್ಲಿ ಲಂಬಾಣಿ. ಜನವರಿ 26ರ ನಿರೂಪಣೆ ನಿಮ್ಮ ತಲೆ ಮೇಲೆ ಬಿದ್ದಿದೆ. ಎಲ್ಲವನ್ನೂ ಎಲ್ಲ ಭಾಷೆಯಲ್ಲೂ ಹೇಳಬೇಕಾ, ಬರೀ ಕನ್ನಡದಲ್ಲಿ ಮುಗಿಸಬೇಕಾ, ಬೇರೆ ಭಾಷೆ ಬಳಸಿದರೆ ಯಾರಾದರೂ ಜಗಳಕ್ಕೆ ಬರುತ್ತಾರಾ ಅಂತ ಕೇಳಿದ್ದೀರಿ. ನಗು ಯಾಕೆ ಬಂತೆಂದರೆ, ಹದಿನೆಂಟು ವರ್ಷದ ಹಿಂದೆ ಇದೇ ಕೆಲಸ ನನ್ನ ತಲೆ ಮೇಲೂ ಬಿದ್ದಿತ್ತು. ಆಗ ನಾನು ಮಾಡಿದ್ದು ಪೂರ್ತಿ ತಪ್ಪು.

ನಾನು ಭಾಲ್ಕಿ ಕಡೆಯವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ, ಅಂದರೆ ಈ ಕಡೆಯ ಆಡುಮಾತಿನ ಉರ್ದು. ಮೂರೂ ಬರುತ್ತವೆ ಎಂಬ ಜಂಬ ಬೇರೆ. ಮೊದಲ ವರ್ಷ ಸ್ವಾಗತ ಕನ್ನಡದಲ್ಲಿ, ಅದನ್ನೇ ಉರ್ದುವಿನಲ್ಲಿ, ಮತ್ತೆ ಅದನ್ನೇ ಮರಾಠಿಯಲ್ಲಿ ಹೇಳಿದೆ. ಹೂಮಾಲೆ ಹಾಕುವಾಗ ಒಬ್ಬೊಬ್ಬ ಅತಿಥಿಯ ಹೆಸರೂ ಮೂರು ಸಲ. ಹೆಸರು ಯಾವ ಭಾಷೆಯಲ್ಲಿ ಹೇಳಿದರೂ ಅದೇ ಹೆಸರಲ್ವಾ? ಅದು ಆಗ ಹೊಳೆಯಲಿಲ್ಲ. ಒಂದು ಗಂಟೆಯ ಕಾರ್ಯಕ್ರಮ ಮೂರು ಗಂಟೆಗೆ ಹೋಯಿತು. ಬಿಸಿಲಿಗೆ ಮೂರನೇ ತರಗತಿಯ ಒಂದು ಹುಡುಗಿ ತಲೆ ತಿರುಗಿ ಕುಳಿತುಬಿಟ್ಟಳು. ನನ್ನ ಕನ್ನಡ ಕೇಳುವಾಗ ಉರ್ದು ಮನೆಯವರು ಮಾತಾಡಿಕೊಂಡರು, ಉರ್ದು ಕೇಳುವಾಗ ಕನ್ನಡದವರು. ಮರಾಠಿ ಶುರುವಾಗುವ ಹೊತ್ತಿಗೆ ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಅವತ್ತು ಕಲಿತದ್ದು ಇಷ್ಟು: ಒಂದೇ ಮಾತನ್ನು ಭಾಷೆ ಬದಲಿಸಿ ತಿರುಗಿ ತಿರುಗಿ ಹೇಳಬೇಡಿ. ಕೆಲಸವನ್ನೇ ಭಾಷೆಗಳ ನಡುವೆ ಹಂಚಿ. ನಿರೂಪಣೆ ಕನ್ನಡದಲ್ಲಿ ಇರಲಿ. ಶಾಲೆ ಸರ್ಕಾರದ್ದು, 1963ರ ಕಾಯ್ದೆಯ ಪ್ರಕಾರ ರಾಜ್ಯದ ಆಡಳಿತ ಭಾಷೆ ಕನ್ನಡ, ಉರ್ದು ಶಾಲೆಯ ಮಕ್ಕಳೂ ಕನ್ನಡ ಕಲಿಯುತ್ತಾರೆ. ಆದರೆ ಭಾಷಣ, ಹಾಡು, ಕವನ, ನಾಟಕ ಯಾವ ಮಗುವಿಗೆ ಯಾವ ಭಾಷೆಯಲ್ಲಿ ಸಲೀಸೋ ಆ ಭಾಷೆಯಲ್ಲಿ ಆಗಲಿ. ಮುಂಚೆ ಒಂದು ಸಾಲು ಕನ್ನಡದಲ್ಲಿ ಪರಿಚಯ ಕೊಟ್ಟರೆ ಸಾಕು. 'ಈಗ ಐದನೇ ತರಗತಿಯ ಹುಡುಗ ಮಳೆಯ ಬಗ್ಗೆ ಮರಾಠಿಯಲ್ಲಿ ಒಂದು ಪದ್ಯ ಹೇಳುತ್ತಾನೆ.' ಮುಗಿಯಿತು. ಮಳೆ ಎಂದು ಗೊತ್ತಾದ ಮೇಲೆ ಉಳಿದದ್ದನ್ನು ಅವನ ಕೈ ಸನ್ನೆಯೇ ಹೇಳುತ್ತದೆ. ಶಾಲಾ ಮಕ್ಕಳ ಸ್ಪರ್ಧೆಗಳಾದ ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿಯೂ ಒಂದು ಸ್ಪರ್ಧೆ ಅಂತ ನಿಮಗೆ ಗೊತ್ತೇ ಇದೆ. ನಮ್ಮ ಕಡೆ ಅದಕ್ಕೆ ಚಪ್ಪಾಳೆ ತಟ್ಟುವವರಲ್ಲಿ ಅರ್ಧ ಜನ ಕನ್ನಡದವರೇ.

ಒಂದು ಎಚ್ಚರಿಕೆ. 'ಮೊದಲು ಕನ್ನಡ ಶಾಲೆಯ ಕಾರ್ಯಕ್ರಮ, ಆಮೇಲೆ ಉರ್ದು ಶಾಲೆಯದ್ದು' ಎಂದು ಎರಡು ಗಂಟು ಕಟ್ಟಬೇಡಿ. ನಾವು ಎರಡು ವರ್ಷ ಹಾಗೆ ಮಾಡಿದೆವು. ತಮ್ಮ ಮಗುವಿನ ಹಾಡು ಮುಗಿದ ಕೂಡಲೇ ತಾಯಂದಿರು ಚಾಪೆ ಬಿಟ್ಟು ಎದ್ದು ಹೋದರು. ಎರಡನೇ ಅರ್ಧ ಖಾಲಿ ಶಾಮಿಯಾನದ ಮುಂದೆ ನಡೆಯಿತು. ಈಗ ಕಲಸಿ ಇಡುತ್ತೇವೆ, ಒಂದು ಕನ್ನಡ ಕೋಲಾಟ, ಒಂದು ಉರ್ದು ಭಾಷಣ, ಒಂದು ಲಂಬಾಣಿ ಕುಣಿತ. ಯಾರ ಮಗು ಯಾವಾಗ ಬರುತ್ತದೋ ಗೊತ್ತಾಗದೆ ಎಲ್ಲರೂ ಕೊನೆವರೆಗೂ ಕುಳಿತಿರುತ್ತಾರೆ. ಸ್ವಲ್ಪ ಕುತಂತ್ರವೇ, ಆದರೆ ಕೆಲಸ ಮಾಡುತ್ತದೆ.

ಇನ್ನು ಎಲ್ಲ ಭಾಷೆಯಲ್ಲೂ ಹೇಳಲೇಬೇಕಾದ್ದು ಯಾವುದು? ಕೇಳಿದವರು ಮನೆಗೆ ಹೋಗಿ ಏನಾದರೂ ಮಾಡಬೇಕಾದ ಮಾತು. ಇದನ್ನು ನಾನು ಎಡವಿಯೇ ಕಲಿತೆ.

ಒಂದು ವರ್ಷ ಜನವರಿ 26ಕ್ಕೆ ಮೈಕಿನಲ್ಲಿ, ಫೆಬ್ರವರಿ 10ಕ್ಕೆ ಜಂತುಹುಳು ಮಾತ್ರೆ ಕೊಡುತ್ತೇವೆ ಎಂದು ಹೇಳಬೇಕಿತ್ತು. ಆಲ್ಬೆಂಡಜೋಲ್, ಶಾಲೆ ಮಕ್ಕಳಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಚೀಪಿ ಅಗಿದು ತಿನ್ನುವುದು. ನಾನು ಸುತ್ತೋಲೆಯನ್ನೇ ಓದಿದೆ. 'ಜಂತುಹುಳು ನಿವಾರಣಾ ದಿನಾಚರಣೆಯ ಅಂಗವಾಗಿ ಸಮಸ್ತ ಪಾಲಕರು ತಮ್ಮ ಮಕ್ಕಳನ್ನು ಕಡ್ಡಾಯವಾಗಿ ಹಾಜರುಪಡಿಸತಕ್ಕದ್ದು.' ಆ ಹೊತ್ತಿಗೆ ತಾಂಡಾದ ತಂದೆತಾಯಿ ಊರಲ್ಲಿ ಇರುವುದೇ ಕಡಿಮೆ. ದೀಪಾವಳಿ ಆಸುಪಾಸಿಗೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದವರು ಬೇಸಿಗೆ ಹತ್ತಿರವಾದ ಮೇಲೇ ತಿರುಗಿ ಬರುವುದು. ಮಕ್ಕಳ ಜೊತೆ ಇರುವವರು ಅಜ್ಜಿಯರು. ಅವರಿಗೆ ಕಿವಿಗೆ ಬಿದ್ದದ್ದು 'ಕಡ್ಡಾಯ' ಎಂಬುದೊಂದೇ ಮಾತು. ಕಡ್ಡಾಯ ಎಂದರೆ ಸೂಜಿ ಚುಚ್ಚುತ್ತಾರೆ ಎಂದು ಸುದ್ದಿ ಹಬ್ಬಿತು. ಹತ್ತನೇ ತಾರೀಕು ತಾಂಡಾದಿಂದ ಒಂದು ಮಗುವೂ ಶಾಲೆಗೆ ಬರಲಿಲ್ಲ.

ಮರುದಿನ ಒಬ್ಬ ಮುದುಕಿ ಶಾಲೆಗೇ ಬಂದು ಕೇಳಿದಳು, 'ಸರ್, ಸೂಜಿ ಆಗ್ಯಾವೇನು? ಈಗ ಕಳಸ್ಲೇನು?' ಸೂಜಿಯಲ್ಲ ಆಯಿ, ಗುಳಿಗಿ, ಹೊಟ್ಟೆಯಾಗಿನ ಹುಳ ಸಾಯಲು ಎಂದೆ. 'ಹಂಗಂತ ಅವತ್ತೇ ಹೇಳಬಾರದೇನು' ಅಂದಳು. ಆಕೆಗೆ ಕನ್ನಡ ಬರುತ್ತಿತ್ತು ಮೇಡಂ! ನನ್ನ ಕನ್ನಡ ಬರುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಉರ್ದು, ಮರಾಠಿ, ಲಂಬಾಣಿ ಎಂದು ಲೆಕ್ಕ ಹಾಕುವ ಮುಂಚೆ ನಮ್ಮ ವೇದಿಕೆ ಕನ್ನಡವನ್ನು ಒಂದು ಸಲ ನೋಡಿ. 'ವೇದಿಕೆಯನ್ನು ಅಲಂಕರಿಸಿರುವ ಗಣ್ಯಮಾನ್ಯರೇ' ಎಂಬುದು ಬೀದರಿನ ಕನ್ನಡದ ಮನೆಯಲ್ಲೂ ಯಾರೂ ಆಡದ ಭಾಷೆ. ಹಾಸನದಲ್ಲೂ ಆಡುವುದಿಲ್ಲ ಅಂದುಕೊಂಡಿದ್ದೇನೆ. ಈಗ ನಾವು ಇಂಥ ಸೂಚನೆಯನ್ನು ಮೊದಲು ಇಲ್ಲಿನ ಮಾತಿನ ಕನ್ನಡದಲ್ಲಿ ಹೇಳುತ್ತೇವೆ. ಆಮೇಲೆ ಉರ್ದು ಶಾಲೆಯ ಟೀಚರ್ ಉರ್ದುವಿನಲ್ಲಿ, ಏಳನೇ ತರಗತಿಯ ಒಬ್ಬ ಹುಡುಗಿ ಲಂಬಾಣಿಯಲ್ಲಿ, ಇನ್ನೊಬ್ಬ ಮರಾಠಿಯಲ್ಲಿ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ತಾರೀಕು, ಏನು ತರಬೇಕು, ಯಾರನ್ನು ಕೇಳಬೇಕು, ಇಷ್ಟೇ. ಸ್ಕಾಲರ್‌ಶಿಪ್ಪಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ನಾಡಕಚೇರಿಗೆ ಹೋಗಿ ಎನ್ನುವುದನ್ನೂ ಹೀಗೇ ಹೇಳಿಸುತ್ತೇವೆ. ಲಂಬಾಣಿಯಲ್ಲಿ ಹೇಳುವ ಹುಡುಗಿಗೆ ಬರೆದು ಕೊಡಬೇಡಿ. ವಿಷಯ ಹೇಳಿ, ಅವಳೇ ಕಟ್ಟಿಕೊಳ್ಳುತ್ತಾಳೆ. ಉರ್ದುವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ನೀವೇ ಓದುವ ಸಾಹಸವೂ ಬೇಡ. ನಾನು ಒಮ್ಮೆ ಮಾಡಿ, 'ಖ' ತಪ್ಪಿ ಇಡೀ ಮೈದಾನ ನಕ್ಕಿದೆ.

ಮುಟ್ಟಬಾರದ ಭಾಗಗಳೂ ಇವೆ. ರಾಷ್ಟ್ರಗೀತೆ 52 ಸೆಕೆಂಡು. ಅದು ಸಂಸ್ಕೃತ ತುಂಬಿದ ಬಂಗಾಳಿ, ನಮ್ಮ ನಾಲ್ಕು ಭಾಷೆಗಳಲ್ಲಿ ಯಾವುದೂ ಅಲ್ಲ. ಆದರೂ ಎಲ್ಲರೂ ಎದ್ದು ನಿಲ್ಲುತ್ತಾರೆ, ಯಾರೂ ಅನುವಾದ ಕೇಳುವುದಿಲ್ಲ. ನಾಡಗೀತೆಯನ್ನು ಎರಡೂ ಶಾಲೆಯ ಮಕ್ಕಳಿಂದ ಒಟ್ಟಿಗೆ ಹಾಡಿಸಿ. ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ ಎರಡೂವರೆ ನಿಮಿಷಕ್ಕೆ ನಿಲ್ಲಿಸಿದೆ, ಅದನ್ನೇ ಅಭ್ಯಾಸ ಮಾಡಿಸಿ. ಸಂವಿಧಾನ ಪೀಠಿಕೆಯನ್ನು ಮಾತ್ರ ನಾವು ಸ್ವಲ್ಪ ಬೇರೆ ಥರ ಮಾಡುತ್ತೇವೆ. ಶಾಲೆಗಳಲ್ಲಿ ಅದನ್ನು ಓದಿಸಬೇಕು ಎಂದು 2023ರಲ್ಲಿ ಸರ್ಕಾರ ಹೇಳಿತಲ್ಲ, ಎಲ್ಲರೂ ಸೇರಿ ಪೂರ್ತಿ ಕನ್ನಡದಲ್ಲಿ ಓದುತ್ತೇವೆ. ಅದಕ್ಕೂ ಮುಂಚೆ ಮೊದಲ ಕೆಲವು ಪದಗಳನ್ನು ಒಂದೊಂದು ಮಗು ತನ್ನ ಭಾಷೆಯಲ್ಲಿ ಹೇಳುತ್ತದೆ. 'ಆಮ್ಹೀ, ಭಾರತಾಚೇ ಲೋಕ' ಎಂದು ಒಬ್ಬ, 'ಹಮ್ ಭಾರತ್ ಕೇ ಅವಾಮ್' ಎಂದು ಒಬ್ಬಳು. ಲಂಬಾಣಿ ಸಂವಿಧಾನದ ಎಂಟನೇ ಅನುಸೂಚಿ ಪಟ್ಟಿ ಮಾಡಿದ 22 ಭಾಷೆಗಳಲ್ಲಿ ಇಲ್ಲ, ಆ ಹುಡುಗಿ ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬಂದಳು. ಇಡೀ ಕಾರ್ಯಕ್ರಮದಲ್ಲಿ ನನಗೆ ಇಷ್ಟವಾಗುವ ಭಾಗ ಇದೇ, ಮತ್ತು ಇದಕ್ಕೆ ಒಂದು ನಿಮಿಷವೂ ಬೇಡ.

ಜಗಳದ ವಿಷಯ. ಬರಬಹುದು. ಬಂದರೆ ಅವರನ್ನು ಮೂರ್ಖರೆಂದು ತಿಳಿಯಬೇಡಿ, ದಯವಿಟ್ಟು. ನಿಮಗೆ ದಕ್ಷಿಣದಲ್ಲಿ ಗೊತ್ತಾಗದ ಒಂದು ನೋವು ಇಲ್ಲಿ ಇದೆ. ದೇಶಕ್ಕೆ 1947ರ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು, ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿಯವರೆಗೆ ಹೈದರಾಬಾದಿನ ನಿಜಾಮರ ಆಡಳಿತ, ಕಚೇರಿ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ನಮ್ಮ ಮುತ್ಯಾ, ಅಂದರೆ ಅಜ್ಜ, ಉರ್ದುವಿನಲ್ಲಿ ಅರ್ಜಿ ಬರೆಯಬಲ್ಲವರಾಗಿದ್ದರು. ಕನ್ನಡ ಅಕ್ಷರವನ್ನು ಮಾತ್ರ ಮನೆಯಲ್ಲೇ, ವಚನ ಹಾಡುತ್ತಾ ಕಲಿತರು. ಕನ್ನಡ ಶಾಲೆ ಬೇಕು ಎಂದು ಕೇಳಿ ಕೇಳಿ ಪಡೆದ ಊರುಗಳಿವು. ಹಾಗೆ ಪಡೆದವರ ಮಕ್ಕಳು 'ಮತ್ತೆ ಉರ್ದು ಯಾಕೆ ಸ್ಟೇಜ್ ಮೇಲೆ' ಎಂದರೆ ಅದಕ್ಕೆ ಕಾರಣ ಇದೆ.

ಹಾಗಂತ ಒಪ್ಪಬೇಕಾಗಿಲ್ಲ. ಅದೇ ಮುತ್ಯಾ ತಮ್ಮ ಹಳೆಯ ಗೆಳೆಯರು ಸಿಕ್ಕರೆ ನಿಜಾಮರ ಪರ ನಿಂತ ರಜಾಕಾರರ ಪಡೆಯ ಕಾಲದ ಕಥೆಯನ್ನು ದಖನಿಯಲ್ಲೇ ಹೇಳುತ್ತಿದ್ದರು, ಕನ್ನಡದಲ್ಲಿ ಆ ಕಥೆಗೆ ಖಾರ ಕಡಿಮೆ ಎನ್ನುತ್ತಿದ್ದರು. ನಿಮ್ಮ ಶಾಲೆಯ ರಿಜಿಸ್ಟರ್ ತೆಗೆಯಿರಿ: ಹಾಜರಿ, ದಾಖಲೆ, ರಜೆ. ಮೂರೂ ಉರ್ದು-ಪಾರಸಿಯ ದಾರಿಯಿಂದ ಬಂದ ಪದಗಳೇ. ಮರಾಠಿಯ ಕಥೆಯೂ ಅಷ್ಟೇ. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನು ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ನಮಗೆ. ಗೆರೆ ಎಳೆದರು, ನೆಂಟಸ್ತನಕ್ಕೆ ಗೆರೆ ಎಳೆಯಲು ಆಗಲಿಲ್ಲ. ಈಗಲೂ ನಮ್ಮೂರ ಸೊಸೆಯಂದಿರಲ್ಲಿ ಎಷ್ಟೋ ಜನ ಉದಗೀರ ಕಡೆಯವರು. ಮಗುವಿನ ಜೋಗುಳ ಮರಾಠಿಯಲ್ಲೇ ಇರುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪಾಠಕ್ಕೆ ಆಗುವ ಭಾಷೆ ಹಾಡಿಗೆ ಯಾಕೆ ಆಗಬಾರದು ಎಂದು ನಾನು ಕೇಳುತ್ತೇನೆ, ಮೆತ್ತಗೆ.

ಜಗಳ ಬಾರದ ಹಾಗೆ ಮಾಡುವ ಕೆಲಸಗಳು ಸಣ್ಣವು. ಬ್ಯಾನರಿನಲ್ಲಿ ಕನ್ನಡ ಮೇಲೆ, ದೊಡ್ಡದಾಗಿ. ಅದರ ಕೆಳಗೆ ಉರ್ದು. ನಾಮಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡ ಎಂಬ 2024ರ ತಿದ್ದುಪಡಿ ಅಂಗಡಿ, ಹೋಟೆಲುಗಳಂಥವುಗಳ ಬೋರ್ಡಿಗೆ ಬಂದದ್ದು, ನಿಮ್ಮ ಬಟ್ಟೆ ಬ್ಯಾನರಿಗಲ್ಲ. ಆದರೂ ಅದೇ ಅಳತೆ ಇಟ್ಟರೆ ಯಾರೂ ಬಾಯಿ ತೆಗೆಯುವುದಿಲ್ಲ. ಕಾರ್ಯಕ್ರಮದ ಪಟ್ಟಿಯನ್ನು ಒಂದು ವಾರ ಮುಂಚೆ ಎರಡೂ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ, ನಿಮ್ಮ ಸಿಆರ್‌ಪಿಗೆ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ) ತೋರಿಸಿ. ಜಗಳ ಮಾಡುವವರನ್ನು ಮೊದಲೇ ಚಹಾಕ್ಕೆ ಕರೆಯಿರಿ. ನವೆಂಬರ್ 1, ಸೆಪ್ಟೆಂಬರ್ 17 ಈ ಎರಡು ದಿನ ಮಾತ್ರ ನಾನು ಭಾಷಣವನ್ನೆಲ್ಲ ಕನ್ನಡದಲ್ಲೇ ಇಡುತ್ತೇನೆ. ಅದಕ್ಕೆ ನಿಯಮ ಇದೆ ಅಂತಲ್ಲ, ಮುತ್ಯಾನ ಮುಖ ನೆನಪಾಗುತ್ತದೆ.

ಅತಿಥಿಗಳ ಬಗ್ಗೆ ಒಂದೇ ಮಾತು. ಮರಾಠಿ ಮನೆಮಾತಿನ ಪಂಚಾಯಿತಿ ಅಧ್ಯಕ್ಷರೊಬ್ಬರು ಯಾರೋ ಬರೆದುಕೊಟ್ಟ ಕನ್ನಡ ಭಾಷಣವನ್ನು ಬೆವರುತ್ತಾ ಓದಿದ್ದನ್ನು ನೋಡಿದ್ದೇನೆ. ಮುಂದಿನ ಸಲ 'ನಿಮಗೆ ಬಂದ ಹಾಗೆ ಮಾತಾಡಿ' ಎಂದೆವು. ಐದು ನಿಮಿಷ ಮರಾಠಿಯಲ್ಲಿ ತಾವು ಶಾಲೆ ಬಿಟ್ಟ ಕಥೆ ಹೇಳಿದರು, ನಾನು ನಾಲ್ಕು ಸಾಲು ಕನ್ನಡದಲ್ಲಿ ಹೇಳಿದೆ. ಆ ವರ್ಷವೇ ಶೌಚಾಲಯಕ್ಕೆ ನೀರಿನ ಪೈಪು ಬಂತು. ಭಾಷೆಗೂ ಪೈಪಿಗೂ ಸಂಬಂಧ ಇದೆಯೋ ಇಲ್ಲವೋ, ನೀವೇ ತಿಳಿದುಕೊಳ್ಳಿ.

ಕೊನೆಗೆ ವಂದನಾರ್ಪಣೆ ಯಾವ ಭಾಷೆಯಲ್ಲಿ ಅಂತಲೂ ಕೇಳಿದ್ದೀರಿ. ಮೊದಲೆಲ್ಲ ಅದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು. ಹೋದ ವರ್ಷ ನಮ್ಮ ಬಿಸಿಯೂಟದ ಅಡುಗೆ ಅಕ್ಕನ ಕೈಗೆ ಮೈಕ್ ಕೊಟ್ಟೆವು. ಆಕೆಯ ತವರು ಜಹೀರಾಬಾದ್ ಕಡೆ, ಮನೆಮಾತು ತೆಲುಗು. ಮೈಕನ್ನು ಒಂದು ಸಲ ಊದಿ ನೋಡಿದರು. 'ಶಿರಾ ಆಗ್ಯಾದ. ಎಲ್ಲರೂ ಉಂಡು ಹೋಗ್ರಿ. ತಾಟು ತೊಳೆದು ಇಡ್ರಿ' ಎಂದು ಹೇಳಿ ಮೈಕ್ ವಾಪಸ್ ಕೊಟ್ಟರು. ಹತ್ತು ನಿಮಿಷದಲ್ಲಿ ನಲ್ಲಿಯ ಮುಂದೆ ಸಾಲು, ಎಲ್ಲರ ಕೈಯಲ್ಲೂ ತಾಟು.