ಓದುಗರ ಪ್ರಶ್ನೆ: ನಾಯಿಯ ನಿಲುವು ಫೋಟೊದಲ್ಲಿ ಸರಿಯಾಗಿ ಕಾಣಬೇಕಾದರೆ

ಪ್ರಶ್ನೆ: ನಮ್ಮದು ಎರಡು ವರ್ಷದ ಗಂಡು ಮುಧೋಳ ನಾಯಿ. ಎದುರಿಗೆ ನೋಡಿದರೆ ಎತ್ತರ, ಉದ್ದ ಕಾಲು, ಒಳ್ಳೆ ಮೈಕಟ್ಟು. ಮೊಬೈಲಿನಲ್ಲಿ ತೆಗೆದರೆ ಮಾತ್ರ ತಲೆ ದೊಡ್ಡದು, ಕಾಲು ಗಿಡ್ಡ. ಪ್ರದರ್ಶನಕ್ಕೆ ಪಕ್ಕದಿಂದ ತೆಗೆದ ಫೋಟೊ ಬೇಕಾಗಿದೆ. ಎಲ್ಲಿ ತಪ್ಪುತ್ತಿದ್ದೇವೆ? (ಜಮಖಂಡಿಯ ಓದುಗರು)

ನೀವು ನಿಂತುಕೊಂಡೇ ಫೋಟೊ ತೆಗೆಯುತ್ತಿದ್ದೀರಿ, ಅಲ್ವಾ? ಮೇಲಿನಿಂದ ಕೆಳಕ್ಕೆ ನೋಡಿದರೆ ಯಾವ ನಾಯಿಯ ಕಾಲೂ ಗಿಡ್ಡವಾಗಿಯೇ ಕಾಣುತ್ತದೆ. ಮಂಡಿಯೂರಿ ಕೂತುಕೊಳ್ಳಿ. ಮೊಬೈಲು ನಾಯಿಯ ಎದೆಯ ಮಟ್ಟಕ್ಕೆ ಬರಬೇಕು. ನಿಮ್ಮ ನಾಯಿ ಭುಜದ ಹತ್ತಿರ 70 ಸೆಂಟಿಮೀಟರ್ ಇದ್ದರೆ ಮೊಬೈಲು ನೆಲದಿಂದ ಸುಮಾರು 45 ಸೆಂಟಿಮೀಟರ್ ಮೇಲಿದ್ದರೆ ಸಾಕು. ಇನ್ನೊಂದು ತಪ್ಪು, ತೀರಾ ಹತ್ತಿರ ಹೋಗುವುದು. ಹತ್ತಿರದಿಂದ ತೆಗೆದಾಗ ಕ್ಯಾಮೆರಾಕ್ಕೆ ಸಮೀಪ ಇರುವುದು ದೊಡ್ಡದಾಗಿ ಕಾಣುತ್ತದೆ, ದೂರ ಇರುವುದು ಕುಗ್ಗುತ್ತದೆ. ನಾಲ್ಕೈದು ಮೀಟರ್ ಹಿಂದೆ ಸರಿದು ಎರಡು ಪಟ್ಟು ಜೂಮ್ ಹಾಕಿ. ಪಕ್ಕೆಲುಬಿನ ನಡುಭಾಗಕ್ಕೆ ನೇರವಾಗಿ ಇರಿ. ಸ್ವಲ್ಪ ತಲೆಯ ಕಡೆ ಸರಿದರೂ ತಲೆ ದಪ್ಪ, ಬೆನ್ನು ಮೊಟಕು ಆಗಿಬಿಡುತ್ತದೆ.

ಇನ್ನು ನಿಲ್ಲಿಸುವ ವಿಚಾರ. ಇದನ್ನು ಸ್ಟ್ಯಾಕ್ ಮಾಡುವುದು ಅನ್ನುತ್ತಾರೆ. ಮೊದಲು ಮುಂಗಾಲು. ಭುಜದ ಮೇಲ್ತುದಿಯಿಂದ ಒಂದು ತೂಕದ ದಾರ ಇಳಿಬಿಟ್ಟಂತೆ ಅಂದುಕೊಳ್ಳಿ, ಅದು ಮೊಣಕೈ ಮೇಲೆ ಹಾದು ಪಾದದ ಹಿಂಬದಿಗೆ ಬಂದು ಬೀಳಬೇಕು. ಪಾದ ಹಿಡಿದು ಎಳೆಯಬೇಡಿ, ಪಾದ ಮುಟ್ಟಿದರೆ ಹೆಚ್ಚಿನ ನಾಯಿಗಳು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಮೊಣಕೈ ಹತ್ತಿರ ಹಿಡಿದು ಎತ್ತಿ ಇಡಿ, ಆ ಹೊತ್ತಿಗೆ ಇನ್ನೊಂದು ಕೈಯಲ್ಲಿ ಗದ್ದವನ್ನು ಇನ್ನೊಂದು ಮುಂಗಾಲಿನ ಕಡೆಗೆ ಸ್ವಲ್ಪ ತಿರುಗಿಸಿದರೆ ಭಾರ ಆ ಕಾಲಿಗೆ ಹೋಗುತ್ತದೆ, ಎತ್ತುವ ಕಾಲು ಹಗುರಾಗುತ್ತದೆ. ಆಮೇಲೆ ಹಿಂಗಾಲು. ಅದರಲ್ಲಿ ಹಿಂದಕ್ಕೆ ಚಾಚಿದ ಕೀಲು ಇದೆಯಲ್ಲ, ನಾಯಿ ಸಾಕುವವರು ಹಾಕ್ ಅನ್ನುವುದು, ಅಲ್ಲಿಂದ ಪಾದದವರೆಗಿನ ತುಂಡು ನೆಲಕ್ಕೆ ಕಂಬದ ಹಾಗೆ ನೇರ ನಿಲ್ಲಬೇಕು. ಆಚೆ ಕಡೆಯ ಕಾಲು ಕೂದಲೆಳೆಯಷ್ಟು ಮುಂದಿದ್ದರೆ ನಾಲ್ಕೂ ಕಾಲು ಕಾಣುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜರ್ಮನ್ ಶೆಫರ್ಡ್ ಫೋಟೊ ನೋಡಿ, ಅದರ ಹಾಗೆ ಒಂದು ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದು ಇನ್ನೊಂದನ್ನು ಹಿಂದಕ್ಕೆ ಎಳೆದು ಮುಧೋಳವನ್ನು ನಿಲ್ಲಿಸುವವರು ಜಾಸ್ತಿ ಆಗಿದ್ದಾರೆ. ದಯವಿಟ್ಟು ಬೇಡ. ಅದು ಆ ತಳಿಯ ರೂಢಿ. ಮುಧೋಳ ಓಡಿ ಬೇಟೆ ಹಿಡಿಯುವ ನಾಯಿ, ಅದರ ನಡು ಸಣ್ಣಗೆ ಬಿಲ್ಲಿನಂತೆ ಬಾಗಿರುತ್ತದೆ, ಹೊಟ್ಟೆ ಮೇಲಕ್ಕೆ ಸೇದಿಕೊಂಡಿರುತ್ತದೆ. ಹಿಂಗಾಲು ಎಳೆದರೆ ಆ ಬಾಗು ಹೋಗಿ ಬೆನ್ನು ಇಳಿಜಾರಾಗುತ್ತದೆ. ನೀವು ತೋರಿಸಬೇಕಾದ ಗುಣವನ್ನೇ ಅಳಿಸಿದ ಹಾಗಾಯಿತು. ಬೆನ್ನನ್ನು ಕೈಯಿಂದ ಒತ್ತಿ ಸಪಾಟು ಮಾಡುವುದೂ ಬೇಡ. ನಿಮಗೆ ದೂರವೇನಲ್ಲ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅವಕಾಶ ಸಿಕ್ಕರೆ ಅಲ್ಲಿನ ನಾಯಿಗಳು ತಾವಾಗಿಯೇ ನಿಂತಾಗ ನಡು, ಬಾಲ, ಕತ್ತು ಹೇಗಿರುತ್ತವೆ ಅಂತ ಸುಮ್ನೆ ನೋಡಿ ಬನ್ನಿ.

ಸರಪಳಿ ಮೇಲಕ್ಕೆ ಎಳೆದು ತಲೆ ಎತ್ತಿಸಬೇಡಿ. ಗಂಟಲ ಚರ್ಮ ಸುಕ್ಕಾಗುತ್ತದೆ, ಮೊಣಕೈ ಹೊರಕ್ಕೆ ತಿರುಗುತ್ತದೆ, ಮುಖದಲ್ಲಿ ಭಯ ಕಾಣುತ್ತದೆ. ಮನೆಯವರೊಬ್ಬರು ಮುಂದೆ ನಿಂತು, ಬೇಯಿಸಿದ ಕೋಳಿ ಲಿವರ್ ತುಂಡನ್ನು ಮೂಗಿನ ಮಟ್ಟದಲ್ಲೇ ಹಿಡಿಯಲಿ. ಕಿವಿ ಎಚ್ಚರ ಆಗುತ್ತದೆ, ಕತ್ತು ತಾನೇ ಚಾಚುತ್ತದೆ. ಆ ಒಂದು ಕ್ಷಣ ನಿಮ್ಮದು.

ಜಾಗಕ್ಕೆ ಕಣದಂಥ ಗಟ್ಟಿ ಸಮತಟ್ಟು ನೆಲ ಬಹಳ ಒಳ್ಳೆಯದು. ಹುಲ್ಲು ಎತ್ತರ ಇದ್ದರೆ ಪಾದ ಮುಚ್ಚಿಹೋಗುತ್ತದೆ. ಕಂದು ಬಣ್ಣದ ನಾಯಿಯನ್ನು ಒಣಗಿದ ಜೋಳದ ಹೊಲದ ಮುಂದೆ ನಿಲ್ಲಿಸಿದರೆ ಎರಡೂ ಒಂದೇ ಬಣ್ಣ, ಮೈಗೆರೆ ಸಿಗುವುದಿಲ್ಲ. ಬೆಳಗ್ಗೆ ಎಂಟರ ಒಳಗೆ, ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವ ಹಾಗೆ ತೆಗೆಯಿರಿ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಅಂಗೈ ಹಿಂಭಾಗವನ್ನು ನೆಲಕ್ಕೆ ಇಟ್ಟು ನೋಡಿ, ಏಳೆಂಟು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುವ ನೆಲವೇ.

ಅರ್ಜಿ ತುಂಬುವಾಗ ಒಂದು ವಿಷಯ ಗಮನಿಸಿ: ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ ಮುಧೋಳ ತಳಿಯನ್ನು ಕ್ಯಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ಗುರುತಿಸುತ್ತದೆ.

ಪ್ರಶ್ನೆ: ನಮ್ಮ ಕಪ್ಪು ಲ್ಯಾಬ್ರಡಾರ್ ಫೋಟೊದಲ್ಲಿ ಬರೀ ಕಪ್ಪು ಮುದ್ದೆ. ಕಣ್ಣೂ ಕಾಣುವುದಿಲ್ಲ. (ಮಂಗಳೂರಿನ ಓದುಗರು)

ಬಹುಶಃ ನಾಯಿಯ ಹಿಂದೆ ಬಿಳಿ ಗೋಡೆಯೋ ಆಕಾಶವೋ ಇದ್ದಿರಬೇಕು. ಮೊಬೈಲು ಆ ಬೆಳಕನ್ನು ಲೆಕ್ಕ ಹಾಕಿ ನಾಯಿಯನ್ನು ಕತ್ತಲಿಗೆ ತಳ್ಳುತ್ತದೆ. ಪರದೆಯ ಮೇಲೆ ನಾಯಿಯ ಭುಜದ ಮೇಲೆ ಬೆರಳಿಡಿ, ಬೆಳಕು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಮೋಡ ಕವಿದ ದಿನ ಕಪ್ಪು ನಾಯಿಗೆ ಹೇಳಿ ಮಾಡಿಸಿದ್ದು, ನಿಮ್ಮೂರಿನ ಮಳೆಗಾಲದಲ್ಲಿ ಮಳೆ ಬಿಟ್ಟ ಹೊತ್ತು ನೋಡಿ ತೆಗೆಯಿರಿ. ಮೈ ಒಣಗಿರಲಿ.

ಪ್ರಶ್ನೆ: ನಾಲ್ಕು ತಿಂಗಳ ಮರಿ ನಿಲ್ಲುವುದೇ ಇಲ್ಲ. ಮುಟ್ಟಿದರೆ ಕೂತುಬಿಡುತ್ತದೆ. ಗದರಿಸಬೇಕಾ?

ಬೇಡವೇ ಬೇಡ. ಬಹುಶಃ ನೀವೇ ಕೂತಾಗೆಲ್ಲ ತಿಂಡಿ ಕೊಟ್ಟು ಕಲಿಸಿದ್ದೀರಿ, ಅದು ಕಲಿತದ್ದನ್ನೇ ಮಾಡುತ್ತಿದೆ. ಇನ್ನು ಮೇಲೆ ನಿಂತಿರುವಾಗಲೂ ಕೊಡಿ. ಜಾರದ ಮೇಜಿನ ಮೇಲೆ ನಿಲ್ಲಿಸಿ, ಒಂದು ಕೈ ಮರಿಯ ಮೇಲೇ ಇರಲಿ, "ನಿಲ್ಲು" ಅನ್ನಿ, ಎರಡು ಸೆಕೆಂಡು ನಿಂತರೂ ಬಾಯಿಗೆ ತುಂಡು. ಕೂರಲು ಹೊರಟರೆ ಹೊಟ್ಟೆಯ ಕೆಳಗೆ ಮೆಲ್ಲಗೆ ಕೈ ಕೊಡಿ. ದಿನಕ್ಕೆ ಎರಡು ನಿಮಿಷ ಸಾಕು. ಗದರಿಸಿ ನಿಲ್ಲಿಸಿದ ಮರಿಗಳನ್ನು ನಾನು ನೋಡಿದ್ದೇನೆ, ಕ್ಯಾಮೆರಾ ಕಂಡರೆ ಬಾಲ ಕಾಲ ಸಂದಿಗೆ ಹೋಗುತ್ತದೆ, ಆಮೇಲೆ ಅದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಪ್ರಶ್ನೆ: ಹಿಂಗಾಲಿನ ಹಾಕ್ ಸ್ವಲ್ಪ ಒಳಕ್ಕೆ ತಿರುಗಿದೆ. ಪಕ್ಕದ ಫೋಟೊದಲ್ಲಿ ಕಾಣುವುದಿಲ್ಲ. ಮರಿ ಕೇಳಿದವರಿಗೆ ಅದೊಂದೇ ಕಳಿಸಿದರೆ ಆಗದಾ?

ಆಗದು. ಅದು ಹಿಂದಿನಿಂದ ನೋಡಿದಾಗ ಕಾಣುವ ದೋಷ, ಮುಂದಿನ ಮರಿಗಳಿಗೂ ಹೋಗಬಹುದು. ಫೋಟೊದಲ್ಲಿ ಹುಲ್ಲಿನ ಕಡ್ಡಿ, ಹಗ್ಗ ಬೇಕಾದರೆ ಅಳಿಸಿಕೊಳ್ಳಿ, ಬೆನ್ನು ಕಾಲು ತಿದ್ದಬೇಡಿ. ಪಕ್ಕದ್ದು, ಮುಂದಿನದು, ಹಿಂದಿನದು ಮೂರನ್ನೂ ಕಳಿಸಿ. ಜೊತೆಗೆ ಹಗ್ಗ ಸಡಿಲ ಬಿಟ್ಟು ನಡೆಸಿದ ಅರ್ಧ ನಿಮಿಷದ ವಿಡಿಯೊ ಇರಲಿ, ಹೋಗುವಾಗಿನದ್ದೂ ಬರುವಾಗಿನದ್ದೂ.